ಗಸಗಸೆಯೂ ಗುಮಾನಿಯೂ

ನೌಕರನೊಬ್ಬನ ಮೂತ್ರದಲ್ಲಿ ಅಫೀಮಿನ ಅಂಶವು ಕಂಡಿತೆಂದ ಮಾತ್ರಕ್ಕೆ ಅವನನ್ನು ವ್ಯಸನಿಯೆಂದು ನಿರ್ಣಯಿಸಬಹುದೇ? ಇದು ಪ್ರಯೋಗಶಾಲೆಯೊಳಗೇ ಮುಗಿಯುವ ಪ್ರಶ್ನೆಯಲ್ಲ. ಒಬ್ಬನ ಅನ್ನಕ್ಕೂ ಮಾನಕ್ಕೂ ಸಂಬಂಧಪಟ್ಟುದು.

ಹಬ್ಬಹರಿದಿನಗಳಲ್ಲಿ ಪಾಯಸಕ್ಕೆಂದು ನಾವು ಅರೆಯುವ ಗಸಗಸೆಯು ಅಫೀಮಿನ ಗಿಡದ ಬೀಜವೇ ಆಗಿದೆ. ಬೀಜದಲ್ಲಿ ಅಮಲಿಲ್ಲವಾದರೂ, ಕಾಯಿಯ ಹಾಲು ತಗುಲಿ ಅದಕ್ಕೆ ಮಾರ್ಫೀನ್, ಕೊಡೀನ್ ಎಂಬ ದ್ರವ್ಯಗಳ ಲೇಶವು ಅಂಟಿರುವುದುಂಟು. ತೊಳೆದು ಬೇಯಿಸಿದರೆ ಅದು ಬಹಳಷ್ಟು ತಗ್ಗುವುದು. ಪೂರ್ತಿಯಾಗಿ ಹೋಗುವುದೆಂಬ ಭರವಸೆಯಿಲ್ಲ. ಉಂಡವನಿಗೆ ಯಾವ ಮತ್ತೂ ಏರದಿದ್ದರೂ ಅವನ ಮೂತ್ರದಲ್ಲಿ ಮಾರ್ಫೀನ್ ಕಾಣಿಸಬಹುದು.

ಪರೀಕ್ಷೆಯಲ್ಲಿ ಎರಡು ಹಂತಗಳುಂಟು. ಪ್ರತಿಕಾಯಗಳ ನೆರವಿನಿಂದ ನಡೆಯುವ ಮೊದಲನೆಯದು ಅಗ್ಗವೂ ಶೀಘ್ರವೂ ಆದುದು. ಆದರೆ ಅದು ಮಾರ್ಫೀನನ್ನು ಹೋಲುವವುಗಳನ್ನೆಲ್ಲ ಒಂದೇ ಬಲೆಗೆ ಹಾಕುತ್ತದೆ. ಕೆಮ್ಮಿನ ಔಷಧದ ಕೊಡೀನೂ ಅದರಲ್ಲಿ ಸಿಕ್ಕುವುದು, ಕೃತಕವಾದ ಫೆಂಟನಿಲ್ ಎಂಬ ಘೋರ ಮಾದಕವಾದರೋ ನುಣುಚಿಕೊಳ್ಳುವುದು. ಗ್ಯಾಸ್ ಕ್ರೊಮಟೋಗ್ರಫಿ, ಮಾಸ್ ಸ್ಪೆಕ್ಟ್ರೊಮೆಟ್ರಿ ಎಂಬ ಯಂತ್ರವಿಧಾನಗಳಿಂದ ನಡೆಯುವ ಎರಡನೆಯ ಪರೀಕ್ಷೆಯು ದ್ರವ್ಯಗಳನ್ನು ಬೇರ್ಪಡಿಸಿ ಒಂದೊಂದನ್ನೂ ಗುರುತಿಸುತ್ತದೆ. ಹೆರಾಯಿನ್ ಸೇವಿಸಿದವನಲ್ಲಿ 6-ಅಸೆಟೈಲ್‌ಮಾರ್ಫೀನ್ ಎಂಬುದು ಉಂಟಾಗುವುದು. ಗಸಗಸೆಯಿಂದ ಅದು ಬಾರದು. ಆದರೆ ಆ ಸಾಕ್ಷಿಯು ಸಾಮಾನ್ಯವಾಗಿ ಒಂದು ದಿವಸದೊಳಗೆ ಮಾಯವಾಗುವುದರಿಂದ, ಅದು ಸಿಕ್ಕದಿದ್ದರೆ ಸಂಶಯವು ಸಂಶಯವಾಗಿಯೇ ಉಳಿಯುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನಗಳ ಅನುಭವವು ಇಲ್ಲಿ ವಿಚಾರಾರ್ಹವಾಗಿದೆ. ಅಲ್ಲಿನ ಕೇಂದ್ರ ಸರಕಾರದ ನೌಕರರ ಪರೀಕ್ಷೆಗೆ 1988ರಲ್ಲಿ ನಿಯಮಗಳಾದಾಗ, ಮೂತ್ರದ ಮಿಲಿಲೀಟರಿಗೆ 300 ನ್ಯಾನೋಗ್ರಾಮೆಂಬ ಮಿತಿಯಿತ್ತು. ನ್ಯಾನೋಗ್ರಾಮೆಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಗಸಗಸೆ ತಿಂದವರೂ ಔಷಧ ಸೇವಿಸಿದವರೂ ಸಿಕ್ಕಿಬೀಳಲು, 1998ರಲ್ಲಿ ಮಿತಿಯನ್ನು 2000ಕ್ಕೆ ಏರಿಸಬೇಕಾಯಿತು. ಅಷ್ಟಾದರೂ 2023ರಲ್ಲಿ ಅಲ್ಲಿನ ರಕ್ಷಣಾ ಇಲಾಖೆಯು, ಗಸಗಸೆಯನ್ನು ವರ್ಜಿಸಿರೆಂದು ತನ್ನ ಸೈನಿಕರನ್ನು ಎಚ್ಚರಿಸಿತು.

ರೈಲು ನಡೆಸುವವನೂ ಶಸ್ತ್ರ ಹಿಡಿದವನೂ ಅಮಲಿನಲ್ಲಿರಕೂಡದೆಂಬುದು ನಿರ್ವಿವಾದ. ಪರೀಕ್ಷೆಯು ಬೇಡವೆಂದು ನಾವು ಹೇಳುವುದಿಲ್ಲ. ಮೊದಲನೆಯ ಪರೀಕ್ಷೆಯನ್ನು ಗುಮಾನಿಯೆಂದೂ ಎರಡನೆಯದನ್ನು ಸಾಕ್ಷ್ಯವೆಂದೂ ಎಣಿಸತಕ್ಕದ್ದು. ಮಾದರಿಯ ಒಂದು ಭಾಗವನ್ನು ಮುದ್ರೆಯೊತ್ತಿ ಮರುಪರೀಕ್ಷೆಗಾಗಿ ಕಾದಿರಿಸತಕ್ಕದ್ದು. ತೀರ್ಪಿಗೆ ಮೊದಲು ವೈದ್ಯನೊಬ್ಬನು ಆ ಮನುಷ್ಯನ ಊಟವನ್ನೂ ಔಷಧವನ್ನೂ ವಿಚಾರಿಸತಕ್ಕದ್ದು. ಮೂತ್ರದಲ್ಲಿ ಏನಿದೆಯೆಂಬುದನ್ನು ಯಂತ್ರವು ಹೇಳಬಲ್ಲುದು; ಅದು ಹೇಗೆ ಬಂದಿತೆಂಬುದನ್ನು ಮನುಷ್ಯನನ್ನೇ ಕೇಳಬೇಕು. ಕೇಳದೆ ಕೊಟ್ಟ ಶಿಕ್ಷೆಯು ನ್ಯಾಯವೆನಿಸದು.