ಉಪಗ್ರಹದ ಕಣ್ಣಿಗೆ ಡೊಂಬಿವಲಿಯ ಹೊಗೆ ಎಷ್ಟೆತ್ತರ?

2024ರ ಮೇ 23ರ ಮಧ್ಯಾಹ್ನ ಮುಂಬಯಿ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಅಮುದಾನ್ ಕೆಮಿಕಲ್ಸ್ ಕಾರ್ಖಾನೆ ಸ್ಫೋಟಗೊಂಡು ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಇಂಥ ದುರಂತವಾದಾಗಲೆಲ್ಲ ಹೊಗೆಯ ಫೋಟೋಗಳ ಬೆನ್ನಿಗೇ ಒಂದು ಮಾತು ಬರುತ್ತದೆ: ಉಪಗ್ರಹಕ್ಕೆ ಮೇಲಿಂದ ಎಲ್ಲವೂ ಕಾಣುತ್ತದಲ್ಲ, ಹೊಗೆ ಎಷ್ಟೆತ್ತರ ಹೋಯಿತೆಂದು ಚಿತ್ರ ನೋಡಿಯೇ ಹೇಳಬಹುದು.

ಹೇಳಲಾಗದು. ನೇರ ಮೇಲಿಂದ ತೆಗೆದ ಒಂಟಿ ಚಿತ್ರದಲ್ಲಿ ಹೊಗೆಯ ಉದ್ದ, ಅಗಲ, ಹರಿದ ದಿಕ್ಕು ಸಿಗುತ್ತವೆ, ಎತ್ತರ ಸಿಗುವುದಿಲ್ಲ. ಹತ್ತು ಕಿಲೋಮೀಟರ್ ಉದ್ದಕ್ಕೆ ಚಾಚಿದ ಹೊಗೆ ನೆಲದಿಂದ ಇನ್ನೂರು ಮೀಟರ್ ಮೇಲೆಯೇ ತೆವಳಿರಬಹುದು.

ನೆರಳಿನಿಂದ ಲೆಕ್ಕ ಹಾಕಬಹುದಲ್ಲ ಎನ್ನುವವರಿದ್ದಾರೆ. ಸರಿಯಾದ ಮಾತೇ. ಸೂರ್ಯ 45 ಡಿಗ್ರಿ ಮೇಲಿದ್ದರೆ ನೆರಳು ಎಷ್ಟು ದೂರ ಬಿದ್ದಿದೆಯೋ ಹೊಗೆಯ ನೆತ್ತಿ ಸುಮಾರಾಗಿ ಅಷ್ಟೇ ಎತ್ತರ. ಆದರೆ ಮುಂಬಯಿ, ಠಾಣೆಗಳಲ್ಲಿ ಮೇ ತಿಂಗಳ ನಡುವೆಯೇ, ಸೂರ್ಯ ನೇರ ನೆತ್ತಿಗೆ ಬರುವ ಶೂನ್ಯ ನೆರಳಿನ ದಿನ ಬರುತ್ತದೆ. ಮೇ 23ರ ಮಧ್ಯಾಹ್ನ ಒಂದೂವರೆ ಗಂಟೆಯ ಸುಮಾರಿಗೆ ಒಂದು ಕಿಲೋಮೀಟರ್ ಎತ್ತರದ ಹೊಗೆಗೂ ಮುನ್ನೂರು ಮೀಟರ್ ನೆರಳು ಬೀಳುವುದಿಲ್ಲ. ಅದೂ ಬಹುತೇಕ ಹೊಗೆಯ ಅಡಿಯಲ್ಲೇ ಅಡಗಿಬಿಡುತ್ತದೆ.

ನಂಬಲರ್ಹವಾದ ದಾರಿ ಎರಡು ಕೋನಗಳ ನೋಟ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ: ಹಿಂದಿನ ಗೋಡೆಯ ಮೇಲೆ ಬೆರಳು ಜಿಗಿಯುತ್ತದೆ. 1999ರ ಡಿಸೆಂಬರ್‌ನಲ್ಲಿ ಹಾರಿದ ನಾಸಾದ ಟೆರಾ ಉಪಗ್ರಹದ ‘ಮಿಸರ್’ ಉಪಕರಣ ಇದನ್ನೇ ಒಂಬತ್ತು ಕ್ಯಾಮೆರಾಗಳಿಂದ ಮಾಡುತ್ತದೆ. ಒಂದು ನೇರ ಕೆಳಕ್ಕೆ, ನಾಲ್ಕು ಮುಂದಕ್ಕೆ, ನಾಲ್ಕು ಹಿಂದಕ್ಕೆ. ಒಂಬತ್ತೂ ಒಂದೇ ಜಾಗವನ್ನು ನೋಡಿ ಮುಗಿಸಲು ಸುಮಾರು ಏಳು ನಿಮಿಷ ಬೇಕು, ತೊಡಕಿರುವುದೂ ಅಲ್ಲೇ. ಸೆಕೆಂಡಿಗೆ 5 ಮೀಟರ್ ಗಾಳಿ ಬೀಸುತ್ತಿದ್ದರೆ ಅಷ್ಟರಲ್ಲಿ ಹೊಗೆ ಎರಡು ಕಿಲೋಮೀಟರ್ ಸರಿದಿರುತ್ತದೆ. ಗಾಳಿಯಿಂದ ಸರಿದದ್ದೆಷ್ಟು, ಎತ್ತರದಿಂದ ಸರಿದಂತೆ ಕಂಡದ್ದೆಷ್ಟು ಎಂದು ಬಿಡಿಸದಿದ್ದರೆ ಉತ್ತರ ಪೂರಾ ತಪ್ಪು. ಬಿಡಿಸಿದ ಮೇಲೂ 250ರಿಂದ 500 ಮೀಟರ್‌ವರೆಗೆ ಆಚೀಚೆ ಆಗಬಹುದು. ಕಾಡ್ಗಿಚ್ಚಿಗೆ, ಜ್ವಾಲಾಮುಖಿಗೆ ಅದು ಸಣ್ಣ ತಪ್ಪು. ಆದರೆ ಇಲ್ಲಿನ ಮಾಥೇರಾನ್ ಬೆಟ್ಟವೇ ಸುಮಾರು 800 ಮೀಟರ್ ಇರುವಾಗ ಅದರ ಬುಡದಲ್ಲಿ ಮಲಗಿದ ಚಳಿಗಾಲದ ಮಬ್ಬಿಗೆ ಈ ಅಳತೆಗೋಲು ತೀರಾ ದಪ್ಪನೆಯದು. ಮೇಲಾಗಿ ಟೆರಾ ಬರುವುದು ಬೆಳಿಗ್ಗೆ. ಸ್ಫೋಟ ಆದದ್ದು ಮಧ್ಯಾಹ್ನ.

ಲೇಸರ್ ಬಿಟ್ಟು ಅಳೆಯುತ್ತಿದ್ದ ಕ್ಯಾಲಿಪ್ಸೋ ಉಪಗ್ರಹ 2006ರಿಂದ 2023ರವರೆಗೆ ಕೆಲಸ ಮಾಡಿತು. ಎತ್ತರದ ವಿಷಯದಲ್ಲಿ ಅದರಷ್ಟು ಕರಾರುವಾಕ್ಕಾದದ್ದು ವಿರಳ, ಆದರೆ ಅದು ನೋಡುತ್ತಿದ್ದದ್ದು ತನ್ನ ಹಾದಿಯ ಕೆಳಗಿನ ಸುಮಾರು 70 ಮೀಟರ್ ಅಗಲದ ಗೆರೆಯನ್ನಷ್ಟೇ. ಡೊಂಬಿವಲಿಯ ಪಕ್ಕದ ಕಲ್ಯಾಣದ ಮೇಲೆ ಗೆರೆ ಬೀಳದಿದ್ದರೆ ಕಲ್ಯಾಣದ ಹೊಗೆ ಅದರ ಪಾಲಿಗೆ ಇರಲೇ ಇಲ್ಲ. 2017ರಲ್ಲಿ ಹಾರಿದ ಯುರೋಪಿನ ಸೆಂಟಿನೆಲ್-5ಪಿ ಆಮ್ಲಜನಕದ ಲೆಕ್ಕ ಹಿಡಿಯುತ್ತದೆ: ಹೊಗೆ ಮೇಲಿದ್ದಷ್ಟೂ ಅದರಿಂದ ಮರಳುವ ಬೆಳಕು ಕಡಿಮೆ ಆಮ್ಲಜನಕ ದಾಟಿರುತ್ತದೆ. ಜಾಣ ಉಪಾಯ. ಆದರೆ ಅದರ ಚಿತ್ರದ ಒಂದೊಂದು ಚುಕ್ಕೆಯೂ ಸುಮಾರು ಐದೂವರೆ ಕಿಲೋಮೀಟರ್ ಉದ್ದ, ಮೂರೂವರೆ ಅಗಲ. ಡೊಂಬಿವಲಿಯ ರೈಲ್ವೆ ನಿಲ್ದಾಣವೂ ಎಂಐಡಿಸಿಯೂ ಒಂದೇ ಚುಕ್ಕೆಯಲ್ಲಿ ಬೀಳಬಹುದು.

ಇನ್ನೊಂದು ನಂಬಿಕೆ ಹೆಚ್ಚು ಅಪಾಯದ್ದು: ಉಪಗ್ರಹದ ನಕ್ಷೆಯಲ್ಲಿ ಕೆಂಪಾದ ಕಡೆಯೆಲ್ಲ ಉಸಿರಿನ ಗಾಳಿಯೂ ಕೆಟ್ಟಿದೆ, ತಿಳಿಯಾಗಿದ್ದರೆ ನಿಶ್ಚಿಂತೆ. ಏರೋಸಾಲ್ ನಕ್ಷೆ ಕೊಡುವುದು ನೆಲದಿಂದ ಆಕಾಶದವರೆಗಿನ ಕಣಗಳ ಒಟ್ಟು ಲೆಕ್ಕ. ಮೂರು ಕಿಲೋಮೀಟರ್ ಮೇಲೆ ತೇಲುವ ಮರುಭೂಮಿಯ ಧೂಳಿಗೂ ಮೂಗಿನ ಮಟ್ಟದ ಕಸದ ಹೊಗೆಗೂ ಅದು ಒಂದೇ ಬಣ್ಣ ಬಳಿಯಬಹುದು. 2016ರ ಜನವರಿ ಕೊನೆಯಲ್ಲಿ ವಾಶಿ ಖಾಡಿಯ ಆಚೆ, ಮುಂಬಯಿಯ ದೇವ್ನಾರ್ ಕಸದ ಗುಡ್ಡ ದಿನಗಟ್ಟಲೆ ಉರಿಯಿತು. ಹೊಗೆ ನಾಸಾದ ಚಿತ್ರಗಳಲ್ಲೂ ಕಂಡಿತು, ಎಷ್ಟು ಕೆಳಗಿದೆಯೆಂಬುದು ಮಾತ್ರ ಅವುಗಳಿಂದ ತಿಳಿಯದು. ಚಳಿಗಾಲದ ರಾತ್ರಿ ನೆಲದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗಿರುತ್ತದೆ. ಹೊಗೆ ಮೇಲೇರದೆ ಬಿಸಿಲು ಬಲಿಯುವವರೆಗೂ ಕೆಳಗೇ ಕೂತಿರುತ್ತದೆ. ಹೊಗೆ ಕೆಳಗಿಳಿದಷ್ಟೂ ನಮ್ಮ ಉಸಿರಿಗೆ ಹೆಚ್ಚು, ಉಪಗ್ರಹಕ್ಕೆ ಅಳೆಯಲು ಕಷ್ಟ.

ಎತ್ತರದ ಚಿಮಣಿ ಕಟ್ಟಿದರೆ ಹೊಗೆಯೆಲ್ಲ ಹಾರಿಹೋಗುತ್ತದೆ ಎನ್ನುವುದೂ ಇಂಥದೇ ಭ್ರಮೆ. ಅನೇಕ ಕಾರ್ಖಾನೆ ಚಿಮಣಿಗಳಿಗೆ ನಮ್ಮ ನಿಯಮದ ಕನಿಷ್ಠ ಎತ್ತರ 30 ಮೀಟರ್. ನವಿ ಮುಂಬಯಿಯ ಇಂದಿನ ಕಟ್ಟಡಗಳಲ್ಲಿ ಅದು ಸುಮಾರು ಹತ್ತನೇ ಮಹಡಿ, ಅಂದರೆ ಹೊಗೆ ಇನ್ನೂ ನಮ್ಮ ಕಿಟಕಿಯ ಮಟ್ಟದಲ್ಲೇ!

ನವಿ ಮುಂಬಯಿಯಲ್ಲೇ ತಳೋಜಾ, ಖಾರ್ಘರ್ ಕಡೆಯವರ ದೂರು ಹೆಚ್ಚಾಗಿ ರಾತ್ರಿಯ ವಾಸನೆಯದು. ಮಿಸರ್‌ಗೂ ಸೆಂಟಿನೆಲ್‌ಗೂ ಬಿಸಿಲು ಬೇಕು. ನಮ್ಮ ಇನ್ಸಾಟ್ ಉಪಗ್ರಹದ ಉಷ್ಣ ಕ್ಯಾಮೆರಾ ರಾತ್ರಿಯೂ ನೋಡುತ್ತದೆ ನಿಜ, ಆದರೆ ನೆಲಕ್ಕಂಟಿದ ತೆಳು ಹೊಗೆಯ ಉಷ್ಣತೆ ನೆಲದ್ದಕ್ಕಿಂತ ಹೆಚ್ಚು ಬೇರೆ ಇರುವುದಿಲ್ಲ, ಹೊಗೆ ಬೇರೆಯಾಗಿ ಕಾಣುವುದಿಲ್ಲ. ಉಪಗ್ರಹದಲ್ಲಿ ಏನೂ ಕಂಡಿಲ್ಲ ಎಂದು ಯಾರಾದರೂ ಹೇಳಿದರೆ, ಅದು ಎಷ್ಟು ಗಂಟೆಯ ಚಿತ್ರ ಎಂದು ಮೊದಲು ಕೇಳಬೇಕು.