ತಲೆಯ ಬುಟ್ಟಿ ಇಳಿಸಿದ ವೈದ್ಯರು

ನಮ್ಮ ಬಾಲ್ಯದಲ್ಲಿ ಜೋಯಿಡಾದ ಕಾಡಂಚಿನ ಹಳ್ಳಿಗಳವರಿಗೆ ಬಯಲೇ ಶೌಚಸ್ಥಾನವಾಗಿದ್ದಿತು. ಹಳಿಯಾಳ ಪೇಟೆಯಲ್ಲಿದ್ದ ನಮ್ಮ ಬಂಧುಗಳ ಮನೆಯ ಹಿತ್ತಲಲ್ಲಿ ಮಾತ್ರ ಒಂದು ಪಾಯಿಖಾನೆ. ಬೆಳಕು ಹರಿಯುವ ಮುನ್ನ ಒಬ್ಬಾತನು ಹಿಂಬದಿಯ ಓಣಿಯಿಂದ ಬಂದು, ಮಲವನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಹೋಗುತ್ತಿದ್ದನು. ಹಬ್ಬದ ದಿನ ಅವನಿಗೆ ಹೋಳಿಗೆಯನ್ನು ದೂರದಿಂದಲೇ ಇಡುತ್ತಿದ್ದರು. ಕಾಯಕದ ವಚನಗಳನ್ನು ಕಂಠಪಾಠ ಮಾಡುತ್ತಿದ್ದ ನಾವು ಅವನ ಹೆಸರನ್ನು ಒಮ್ಮೆಯೂ ಕೇಳಲಿಲ್ಲ.

ಘಟ್ಟದ ಕೆಳಗಿನ ಉಡುಪಿಯಲ್ಲಿಯೂ ಇದೇ ಪದ್ಧತಿಯಿದ್ದಿತು. ಆದರೆ ಅಲ್ಲಿ ಅದನ್ನು ಕಂಡು ಸುಮ್ಮನಿರದ ಒಬ್ಬ ತರುಣ ವೈದ್ಯರಿದ್ದರು. ಅವರೇ ಡಾ. ವಿ. ಎಸ್. ಆಚಾರ್ಯರು. 1940ರಲ್ಲಿ ಜನಿಸಿ, ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಹುಟ್ಟೂರಿನಲ್ಲಿಯೇ ರೋಗಿಗಳ ನಾಡಿ ಹಿಡಿದ ಅವರು 1968ರಲ್ಲಿ, ಇನ್ನೂ ಇಪ್ಪತ್ತೆಂಟರ ಹರೆಯದಲ್ಲಿ, ಉಡುಪಿ ಪುರಸಭೆಯ ಅಧ್ಯಕ್ಷರಾದರು. ಅವರ ಆಡಳಿತದಲ್ಲಿ ಪುರಸಭೆಯು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿತು. ದೇಶದಲ್ಲಿಯೇ ಇದು ಮೊದಲನೆಯದೆಂದು ಹೇಳುವುದುಂಟು.

ನಿಷೇಧದ ಠರಾವು ಬರೆಯುವುದು ಸುಲಭ. ಬುಟ್ಟಿ ನಿಲ್ಲಬೇಕಾದರೆ ಪಾಯಿಖಾನೆಗೆ ನೀರು ಬೇಕು. ನೀರು ಹೊಯ್ದರೆ ಅದು ಹರಿದುಹೋಗಲು ದಾರಿ ಬೇಕು. ದಾರಿಯಿಲ್ಲದಿದ್ದರೆ ಹೊಲಸು ಬಾವಿಗಿಳಿದು ವಿಷಮಶೀತಜ್ವರ, ಆಮಶಂಕೆಗಳಾಗಿ ಮನೆಗೇ ಮರಳುತ್ತದೆ. ಔಷಧದ ಚೀಟಿಯಿಂದ ಇದು ವಾಸಿಯಾಗದೆಂಬುದು ವೈದ್ಯರಿಗಲ್ಲದೆ ಇನ್ನಾರಿಗೆ ತಿಳಿದೀತು? ಸ್ವರ್ಣಾ ನದಿಯ ನೀರು, ಒಳಚರಂಡಿ, ಇವೆರಡೂ ಅವರ ಪುರಸಭೆಯ ಕಾರ್ಯಗಳಲ್ಲಿ ಸೇರಿದ್ದುದನ್ನು ನಾವು ಹೀಗೆಯೇ ಅರ್ಥ ಮಾಡಿಕೊಂಡಿದ್ದೇವೆ.

ಮುಂದಿನದು ರಾಜಕಾರಣದ ಪರಿಚಿತ ಹಾದಿ. ತುರ್ತು ಪರಿಸ್ಥಿತಿಯಲ್ಲಿ ಸೆರೆವಾಸ, 1983ರಲ್ಲಿ ವಿಧಾನಸಭೆ, ತರುವಾಯ ವಿಧಾನಪರಿಷತ್ತು, ಸಚಿವ ಪದವಿ. 2008ರಲ್ಲಿ ಗೃಹ ಖಾತೆ ವಹಿಸಿಕೊಂಡರು. ಅದೇ ವರ್ಷ ಕರಾವಳಿಯಲ್ಲಿ ಚರ್ಚುಗಳ ಮೇಲೆ ದಾಳಿಗಳು ನಡೆದಾಗ ತೀವ್ರ ಟೀಕೆಗೂ ಗುರಿಯಾದರು. ಅದನ್ನು ಮರೆಮಾಚುವುದು ನಮಗೆ ಸಲ್ಲದು. ಆದರೂ ಅವರ ದೊಡ್ಡ ಪದವಿಗಳಿಗಿಂತ ಆ ಚಿಕ್ಕ ಪದವಿಯೇ ನಮಗೆ ಹಿರಿದಾಗಿ ಕಾಣುತ್ತದೆ. ದಾಂಡೇಲಿ, ಹಳಿಯಾಳ, ಮುಂಡಗೋಡುಗಳ ಚುನಾವಣೆಗೆ ನಿಲ್ಲುವ ನಮ್ಮ ತರುಣರು ಶಾಸಕಸ್ಥಾನದ ಮೆಟ್ಟಿಲೆಂದಷ್ಟೇ ಬಗೆಯುವ ಪದವಿ ಅದು!

2012ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ಅವರು ಹಠಾತ್ತನೆ ನಿಧನರಾದಾಗ ಉನ್ನತ ಶಿಕ್ಷಣ ಸಚಿವರಾಗಿದ್ದರು. ಮಲ ಹೊರಿಸುವುದನ್ನು ನಿಷೇಧಿಸುವ ಕೇಂದ್ರದ ಕಾಯಿದೆ ಬಂದುದು 1993ರಲ್ಲಿ, ಉಡುಪಿಯ ನಿರ್ಧಾರಕ್ಕಿಂತ ಎಷ್ಟೋ ವರ್ಷಗಳ ತರುವಾಯ. ಅದು ಸಾಲದೆ 2013ರಲ್ಲಿ ಇನ್ನೊಂದು ಬಂದಿತು. ಒಳಚರಂಡಿಯ ಗುಂಡಿಗಿಳಿದವರು ಉಸಿರುಗಟ್ಟಿ ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಇಂದಿಗೂ ಓದುತ್ತಿದ್ದೇವೆ.