ರಕ್ತದ ಕ್ಯಾನ್ಸರ್: ಜೀವಕೋಶದ ಕತ್ತರಿ ತಪ್ಪಿದಾಗ

ರಕ್ತದ ಕ್ಯಾನ್ಸರ್ ಎಂದೊಡನೆ ವಂಶವಾಹಿ ಕೆಟ್ಟಿದೆ ಎಂಬ ಮಾತು ಕೇಳಿಬರುತ್ತದೆ. ಆದರೆ ವಂಶವಾಹಿಯ ಬರಹ ಸರಿಯಾಗಿದ್ದರೂ ಅದನ್ನು ಕತ್ತರಿಸಿ ಜೋಡಿಸುವ ಕೆಲಸ ಹದಗೆಟ್ಟರೆ ಸಾಕು, ಫಲಿತಾಂಶ ಅಷ್ಟೇ ಘೋರ. ಈ ಕೆಲಸವೇ ಆರ್‌ಎನ್‌ಎ ಸ್ಪ್ಲೈಸಿಂಗ್.

ಡಿಎನ್‌ಎಯಲ್ಲಿರುವ ಸೂಚನೆ ಮೊದಲು ಆರ್‌ಎನ್‌ಎ ರೂಪದಲ್ಲಿ ನಕಲಾಗುತ್ತದೆ. ಈ ಕಚ್ಚಾ ಪ್ರತಿಯಲ್ಲಿ ಪ್ರೋಟೀನ್ ತಯಾರಿಕೆಗೆ ಬೇಕಾದ ತುಣುಕುಗಳ ನಡುವೆ ಬೇಡದ ಭಾಗಗಳೂ ಇರುತ್ತವೆ. ಪತ್ರಿಕಾ ಕಚೇರಿಯ ಉಪಸಂಪಾದಕ ವರದಿಗೆ ಕತ್ತರಿ ಹಾಕುವಂತೆ, ಜೀವಕೋಶದ ಸ್ಪ್ಲೈಸಿಯೋಸೋಮ್ ಎಂಬ ವ್ಯವಸ್ಥೆ ಬೇಡದ್ದನ್ನು ತೆಗೆದು ಉಳಿದುದನ್ನು ಬೆಸೆಯುತ್ತದೆ. ವಂಶವಾಹಿಗಳು ಹೀಗೆ ತುಣುಕು ತುಣುಕಾಗಿವೆ ಎಂದು 1977ರಲ್ಲಿ ತೋರಿಸಿಕೊಟ್ಟ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಕ್ಯಾನ್ಸರ್‌ನೊಂದಿಗೆ ಇದರ ನಂಟು ಸ್ಪಷ್ಟವಾಗಿದ್ದು 2011ರಲ್ಲಿ. ಜಪಾನಿನ ಸೈಶಿ ಒಗಾವಾ ಅವರ ತಂಡ ಮೈಲೋಡಿಸ್‌ಪ್ಲಾಸಿಯಾ ರೋಗಿಗಳಲ್ಲಿ ಸ್ಪ್ಲೈಸಿಂಗ್ ನಡೆಸುವ ವಂಶವಾಹಿಗಳೇ ಕೆಟ್ಟಿರುವುದನ್ನು ಪತ್ತೆಹಚ್ಚಿತು. ಅಸ್ಥಿಮಜ್ಜೆಯಲ್ಲಿ ರಕ್ತಕಣಗಳು ಸರಿಯಾಗಿ ಬಲಿಯದ ಈ ಕಾಯಿಲೆ ಹೆಚ್ಚಾಗಿ ವಯಸ್ಸಾದವರದು. ಕೆಲವರಲ್ಲಿ ತೀವ್ರ ಲ್ಯುಕೇಮಿಯಾಕ್ಕೆ ತಿರುಗುತ್ತದೆ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಇಂಥ ದೋಷ ಕಾಣಸಿಗುತ್ತದೆ. ಇದು ಸಾಮಾನ್ಯವಾಗಿ ತಂದೆತಾಯಿಯಿಂದ ಬಂದುದಲ್ಲ, ರಕ್ತದ ಆಕರ ಕೋಶದಲ್ಲಿ ಕಾಲಕ್ರಮೇಣ ಹುಟ್ಟಿಕೊಂಡದ್ದು ಎಂಬುದನ್ನು ಕುಟುಂಬದವರು ಗಮನಿಸಬೇಕು.

ಎಸ್‌ಆರ್‌ಎಸ್‌ಎಫ್2 ಎಂಬ ವಂಶವಾಹಿಯ ಉದಾಹರಣೆ ನೋಡಿ. ಅದರ ಪ್ರೋಟೀನ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ, ಇಝಡ್‌ಎಚ್2 ಎಂಬ ಬೇರೊಂದು ವಂಶವಾಹಿಯ ಪ್ರತಿಯೊಳಗೆ ಸಲ್ಲದ ತುಣುಕು ನುಸುಳುತ್ತದೆ. ಸಂಶೋಧಕರು ಅದನ್ನು 'ವಿಷದ ತುಣುಕು' ಎಂದೇ ಕರೆಯುತ್ತಾರೆ. ಅದು ಸೇರಿದ ಪ್ರತಿಯನ್ನು ಜೀವಕೋಶ ನಾಶಮಾಡುತ್ತದೆ. ರಕ್ತಕೋಶಗಳನ್ನು ಹದ್ದುಬಸ್ತಿನಲ್ಲಿಡಬೇಕಾದ ಪ್ರೋಟೀನ್ ಹೀಗೆ ಕಡಿಮೆಯಾಗುತ್ತದೆ. ಮೂಲ ಇಝಡ್‌ಎಚ್2 ಮಾತ್ರ ನಿರ್ದೋಷಿ!

ಯಾವ ವಂಶವಾಹಿ ಕೆಟ್ಟಿದೆ ಎಂಬುದರ ಮೇಲೆ ರೋಗಿಯ ಭವಿಷ್ಯ ನಿಂತಿದೆ. ಮೈಲೋಡಿಸ್‌ಪ್ಲಾಸಿಯಾದಲ್ಲಿ ಎಸ್‌ಎಫ್3ಬಿ1 ಕೆಟ್ಟವರಲ್ಲಿ ಕಾಯಿಲೆ ಸಾಮಾನ್ಯವಾಗಿ ನಿಧಾನಗತಿಯದು. ಎಸ್‌ಆರ್‌ಎಸ್‌ಎಫ್2 ಕೆಟ್ಟಿದ್ದರೆ ಲ್ಯುಕೇಮಿಯಾ ಭೀತಿ ಹೆಚ್ಚು. ಅಸ್ಥಿಮಜ್ಜೆ ಕಸಿ ಬೇಕೆ, ಕಾಯಬಹುದೆ ಎಂಬ ನಿರ್ಧಾರಕ್ಕೆ ಈ ಪರೀಕ್ಷೆಯೂ ಒಂದು ಆಧಾರ.

ಚಿಕಿತ್ಸೆಯ ದಾರಿ ಇನ್ನೂ ದುರ್ಗಮ. ಒಂದೇ ಕೋಶದಲ್ಲಿ ಇಂಥ ಎರಡು ದೋಷಗಳು ಒಟ್ಟಿಗೆ ಕಾಣುವುದು ಅಪರೂಪ. ಕೋಶ ಅಷ್ಟನ್ನು ತಾಳಲಾರದು. ಹಾಗಾದರೆ ಔಷಧಿಯಿಂದ ಸ್ಪ್ಲೈಸಿಂಗನ್ನು ಇನ್ನಷ್ಟು ಕೆಡಿಸಿ ರೋಗಕೋಶವನ್ನು ಕೊಲ್ಲಬಾರದೇಕೆ? ಎಚ್3ಬಿ-8800 ಎಂಬ ಗುಳಿಗೆಯ ಹಿಂದಿದ್ದ ತರ್ಕ ಇದೇ. 2021ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ ಕೆಲವರಿಗೆ ರಕ್ತ ಪೂರಣದ ಅಗತ್ಯ ತಗ್ಗಿತಾದರೂ ಯಾರಲ್ಲೂ ರೋಗ ಶಮನವಾಗಲಿಲ್ಲ. ಇದಕ್ಕೂ ಮೊದಲು, 2020ರಲ್ಲಿ, ಅಮೆರಿಕವು ಲಸ್‌ಪಾಟರ್‌ಸೆಪ್ಟ್ ಚುಚ್ಚುಮದ್ದನ್ನು ಮೈಲೋಡಿಸ್‌ಪ್ಲಾಸಿಯಾದ ರಕ್ತಹೀನತೆಗೆ ಒಪ್ಪಿತ್ತು. ಅದರ ಪ್ರಯೋಜನ ಪಡೆದವರಲ್ಲಿ ಎಸ್‌ಎಫ್3ಬಿ1 ದೋಷವುಳ್ಳವರೇ ಹೆಚ್ಚು. ಆದರೆ ಅದು ತಪ್ಪಿದ ಕತ್ತರಿಯನ್ನು ಸರಿಪಡಿಸುವುದಿಲ್ಲ. ಕೆಂಪು ರಕ್ತಕಣಗಳು ಬಲಿಯಲು ನೆರವಾಗುತ್ತದೆ, ಅಷ್ಟೆ.